ನಾನು ಸುತ್ತಿದ ಸಿಕರಾಲಿ ಪೇಟೆ

ನಾನು ಒಂದು ಎತ್ತು. ಗಾಣದ ಎತ್ತು ಎಂದರೆ ನಿಮಗೆ ಬೇಗ ಗುರುತು ಸಿಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿದವರೆಲ್ಲ ಗಾಣದೆತ್ತಿನ ಹಾಗೆ ದುಡಿದೆ ಎಂದು ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಅವರಲ್ಲಿ ಒಬ್ಬರಾದರೂ ಕಣ್ಣುಪಟ್ಟಿ ಕಟ್ಟಿಸಿಕೊಂಡದ್ದನ್ನು ನಾನು ನೋಡಿಲ್ಲ. ನೋಡುವುದಾದರೂ ಹೇಗೆ, ಪಟ್ಟಿ ನನ್ನ ಕಣ್ಣಿಗೇ ಇತ್ತಲ್ಲ.

ನಾನು ಹುಟ್ಟಿದ್ದು ಉತ್ತರದ ಕಡೆ, ಗಂಗೆಯ ದಂಡೆಯ ಒಂದು ಹಳ್ಳಿಯಲ್ಲಿ. ಬೇಸಿಗೆಯಲ್ಲಿ ನದಿ ಹಿಂದೆ ಸರಿದಾಗ ಅಲ್ಲಿಯ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದರು. ನನ್ನಮ್ಮನ ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಅಂಚಿತ್ತು. ನನಗೂ ಅದೇ ಬಂತು. ಒಡೆಯ ಭೂಪ್ ಸಿಂಗ್ ನನ್ನ ಮುಖ ಎತ್ತಿ ನೋಡಿ ಕಜರಾ ಎಂದು ಹೆಸರಿಟ್ಟ. ಕಾಡಿಗೆ ಕಣ್ಣಿನವನು ಎಂದರ್ಥ. ಆ ಕಣ್ಣು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂತೆಂದು ಕೇಳಬೇಡಿ.

ನಾಲ್ಕು ವರ್ಷ ನೇಗಿಲು ಎಳೆದೆ. ನೇಗಿಲಿನ ಕೆಲಸ ನನಗೆ ಹಿಡಿಸಿತ್ತು. ಈ ಬದುವಿನಿಂದ ಆ ಬದುವಿಗೆ ನೇರವಾಗಿ ಹೋಗಬೇಕು, ಅಲ್ಲಿ ತಲೆಯೆತ್ತಿದರೆ ನದಿ ಕಾಣುತ್ತಿತ್ತು. ಆಮೇಲೆ ಭೂಪ್ ಸಿಂಗನ ಅಂಗಳಕ್ಕೆ ಕೆಂಪು ಟ್ರ್ಯಾಕ್ಟರು ಬಂತು. ಆ ಚಳಿಗಾಲದ ಒಂದು ಗುರುವಾರ ಅವನು ನನ್ನನ್ನು ಸಿಕರಾಲಿಯ ದನದ ಸಂತೆಗೆ ಹೊಡೆದುಕೊಂಡು ಹೊರಟ. ಸಿಕರಾಲಿ ನಮ್ಮ ಸುತ್ತಲಿನ ಹಳ್ಳಿಗಳಿಗೆಲ್ಲ ಒಂದೇ ಪೇಟೆ. ಅದನ್ನು ನೋಡುವ ಆಸೆ ನನಗೂ ಇತ್ತು. ಆದರೆ ಅಂದು ಬಿದ್ದ ಮಂಜು ಎಂಥದೆಂದರೆ ನನ್ನ ಮೂಗಿನ ತುದಿಯೇ ನನಗೆ ಕಾಣುತ್ತಿರಲಿಲ್ಲ. ಯಾರೋ ಹಲ್ಲು ನೋಡಿದರು, ಯಾರೋ ಬೆನ್ನು ತಟ್ಟಿದರು, ಹಗ್ಗ ಕೈ ಬದಲಾಯಿತು. ಮಂಜು ಕರಗುವಷ್ಟರಲ್ಲಿ ನಾನು ಒಂದು ಹಿತ್ತಿಲ ಕೊಟ್ಟಿಗೆಯಲ್ಲಿದ್ದೆ. ಪೇಟೆಗೆ ಬಂದೂ ಪೇಟೆ ನೋಡಲಿಲ್ಲ.

ನನ್ನನ್ನು ಕೊಂಡವನು ಯಾಮೀನ್, ಸಾಸಿವೆ ಎಣ್ಣೆ ತೆಗೆಯುವ ಗಾಣಿಗ. ಮಾತು ಕಡಿಮೆ, ಕೈ ಚುರುಕು. ಮರುದಿನ ಕೊಟ್ಟಿಗೆಯಲ್ಲೇ ನನ್ನ ಕಣ್ಣಿಗೆ ಬಟ್ಟಲಿನಂಥ ಎರಡು ತೊಗಲ ಮುಚ್ಚಳ ಕಟ್ಟಿದ. ಸುತ್ತುವುದು ಕಂಡರೆ ಎತ್ತಿಗೆ ತಲೆ ತಿರುಗುತ್ತದಂತೆ. ಆದರೆ ಆಗ ಅದನ್ನು ನನಗೆ ಯಾರೂ ಹೇಳಲಿಲ್ಲ. ಕತ್ತಲಲ್ಲೇ ಒಂದು ಹೊಸ್ತಿಲು ದಾಟಿಸಿ ಕೊರಳಿಗೆ ನೊಗ ಕಟ್ಟಿದರು. ನೊಗಕ್ಕೆ ಒಂದು ಹಲಗೆ ತಗುಲಿಸಿತ್ತು. ಅದರ ಮೇಲೆ ಭಾರಕ್ಕೆಂದು ಒಬ್ಬರು ಮುದುಕರು ಹತ್ತಿ ಕೂತರು.

"ನಡಿ ಬೇಟಾ ಕಜರಾ," ಎಂದರು ಅವರು. "ಇವತ್ತು ಇಬ್ಬರೂ ಪೇಟೆ ಸುತ್ತೋಣ."

ಅವರೇ ಬುಂದೂ ಮಿಯಾ, ಯಾಮೀನನ ಅಪ್ಪ. ಮೊದಲು ಗಾಣದ ಕೆಲಸವೆಲ್ಲ ಅವರದೇ. ಎಣ್ಣೆಯ ಡಬ್ಬ ಹೊತ್ತು ಪೇಟೆಯ ಒಂದೊಂದು ಅಂಗಡಿಗೂ ಹೋಗಿ ಬರುತ್ತಿದ್ದರು. ಪೊರೆ ಬಂದು ಎರಡೂ ಕಣ್ಣು ಹೋದವು. ಒಮ್ಮೆ ಬೀದಿಯ ಚರಂಡಿಗೆ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಅಂದಿನಿಂದ ಯಾಮೀನ್ ಅವರನ್ನು ಬೀದಿ ಬಾಗಿಲು ದಾಟಲು ಬಿಟ್ಟಿರಲಿಲ್ಲ. ಆರು ವರ್ಷವಾಗಿತ್ತು. ಗಾಣದ ಹಲಗೆಗೆ ಮೊದಲು ಕಲ್ಲು ಹೇರುತ್ತಿದ್ದರು. ಸುಮ್ಮನೆ ಕೂತಿರುವುದಕ್ಕಿಂತ ಕಲ್ಲಿನ ಕೆಲಸವಾದರೂ ಮಾಡುತ್ತೇನೆ ಎಂದು ಹೇಳಿ ಇವರೇ ಹತ್ತಿ ಕೂತರಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲ ದಿನ ನನಗೆ ತಿಳಿದದ್ದು ಇಷ್ಟೇ. ನಾನು ನಡೆಯುತ್ತಿದ್ದೆ, ಅವರು ದಾರಿ ಹೇಳುತ್ತಿದ್ದರು.

"ಇಗೋ ತಹಸೀಲು ಗೇಟು. ಅರ್ಜಿ ಬರೆಯೋರ ಸಾಲು, ಕಾಲು ಎತ್ತಿಡು, ಮಸಿಕುಡಿಕೆ ಒದ್ದೀಯ. ಈಗ ಗೇಂದಾ ಹಲವಾಯಿಯ ಮಿಠಾಯಿ ಅಂಗಡಿ. ಜಲೇಬಿ ಬಾಣಲೆ ಇಟ್ಟಿದಾನೆ. ಸಲಾಮ್ ಗೇಂದಾ, ಎಣ್ಣೆ ಸರಿಯಾಗಿತ್ತಾ? ಇದು ಛೇದಾಲಾಲನ ಬಳೆ ಅಂಗಡಿ. ಏನಯ್ಯಾ ಛೇದಾಲಾಲ್, ಕೆಮ್ಮು ಹೇಗಿದೆ? ಹಸಿರು ಬಳೆ ಬಂದಿದ್ರೆ ನಮ್ಮ ಸೊಸೆಗೆ ಎರಡು ಡಜನ್ ಎತ್ತಿಡು."

ಹೀಗೆ ಅಂಗಡಿ ಅಂಗಡಿಗೂ ನಿಂತು, ಕುಶಲ ಕೇಳಿ, ಉತ್ತರವನ್ನೂ ಅವರೇ ಹೇಳಿಕೊಂಡು ಚೌಕಕ್ಕೆ ಬರುತ್ತಿದ್ದರು. ಚೌಕದ ನಡುವೆ ಒಂದು ದೊಡ್ಡ ಅರಳಿ ಮರ, ಅದರ ಕೆಳಗೆ ಕ್ಷೌರಿಕರು. ಗಾಡಿಯಾಗಲಿ ಕುದುರೆಯಾಗಲಿ ಆ ಮರವನ್ನು ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು ಸಿಕರಾಲಿಯ ರೂಢಿ. "ಎಷ್ಟು ತಂಪು ನೋಡು," ಎನ್ನುತ್ತಿದ್ದರು. ಅಷ್ಟರಲ್ಲಿ ಒರಳಿಗೆ ಸುರಿದ ಸಾಸಿವೆ ಅರೆದು ಮುಗಿದಿರುತ್ತಿತ್ತು. ಯಾಮೀನ್ ಹಿಂಡಿ ತೆಗೆದು ಹೊಸ ಕಾಳು ಹಾಕುತ್ತಿದ್ದ. ಮತ್ತೆ ತಹಸೀಲು ಗೇಟಿನಿಂದ ಶುರು.

ನಾನು ಇದನ್ನೆಲ್ಲ ನಂಬಿದೆ. ನಗಬೇಡಿ. ಹುಟ್ಟಿದಾಗಿನಿಂದ ನಡೆದರೆ ಮುಂದೆ ಹೋಗುತ್ತೇವೆ ಎಂದು ತಿಳಿದವನು ನಾನು. ದಿನಕ್ಕೆ ಏಳೆಂಟು ಸಲ ಸಿಕರಾಲಿ ಸುತ್ತುವ ಎತ್ತು ಬೇರೆ ಯಾವುದಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಕೊರಳು ಸದಾ ಎಡಕ್ಕೆ ಎಳೆಯುತ್ತಿತ್ತು, ಈ ಊರಿನ ಬೀದಿಗಳೆಲ್ಲ ಎಡಕ್ಕೇ ತಿರುಗುತ್ತವೆ ಎಂದುಕೊಂಡೆ. ಜಲೇಬಿಯ ವಾಸನೆ ಮಾತ್ರ ಎಂದೂ ಬರಲಿಲ್ಲ. ಸಾಸಿವೆಯ ಘಾಟು ಮೂಗಿಗೆ ಅಡರಿದೆ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಕೊಟ್ಟಿಗೆಯಲ್ಲಿ ಪಟ್ಟಿ ಬಿಚ್ಚಿದಾಗ ಯಾಮೀನನ ಹೆಂಡತಿ ನಫೀಸಾ ಹಿಂಡಿ ಹಿಡಿದು ಬರುತ್ತಿದ್ದಳು. ಅವಳ ಕೈಯಲ್ಲಿ ಹಸಿರು ಬಳೆ ಇದೆಯೇ ಎಂದು ನೋಡುತ್ತಿದ್ದೆ. ಇರುತ್ತಿರಲಿಲ್ಲ.

ಮೂರನೆಯ ವರ್ಷ ಒಂದು ಮಧ್ಯಾಹ್ನ, ಗೇಂದಾ ಹಲವಾಯಿಯ ಅಂಗಡಿಯ ಮುಂದೆ, ಪಟ್ಟಿಯ ಬಾರು ಹರಿದು ಜೋತುಬಿತ್ತು.

ಹಲವಾಯಿ ಇರಲಿಲ್ಲ. ಬೀದಿಯೇ ಇರಲಿಲ್ಲ. ಎಣ್ಣೆ ಕುಡಿದು ಕಪ್ಪಾದ ನಾಲ್ಕು ಮಣ್ಣಿನ ಗೋಡೆ, ತಗ್ಗು ಮಾಡು, ನಡುವೆ ಒಂದು ಒರಳು. ಅದರ ಸುತ್ತ ನನ್ನದೇ ಗೊರಸು ಕೊರೆದ ದುಂಡನೆಯ ಹಾದಿ. ಕೊಟ್ಟಿಗೆ ಅದೇ ಗೋಡೆಯ ಆಚೆಗಿತ್ತು. ಹಿಂದಕ್ಕೆ ಕತ್ತು ಹೊರಳಿಸಿದೆ. ಹಲಗೆಯ ಮೇಲೆ ಒಬ್ಬರು ಸಣಕಲು ಮುದುಕರು ಗೋಡೆಗೆ ಸಲಾಮು ಮಾಡುತ್ತಿದ್ದರು. ಅವರ ಕಣ್ಣುಗಳು ಹಾಲಿನ ಹಾಗೆ ಬೆಳ್ಳಗಿದ್ದವು.

ನಾನು ನಿಂತುಬಿಟ್ಟೆ. ಸಿಟ್ಟು ಬಂತು, ನಾಚಿಕೆಯೂ ಆಯಿತು. ಮೂರು ವರ್ಷ ಒಂದು ಕೋಣೆಯೊಳಗೆ ಸುತ್ತಿ ಊರು ಸುತ್ತಿದೆ ಎಂದು ಮೆರೆದವನು ನಾನು. ಯಾಮೀನ್ ಬಾರುಕೋಲಿನಿಂದ ಎರಡು ಕೊಟ್ಟ. ನಾನು ಕದಲಲಿಲ್ಲ. ಅವನು ಬೈದುಕೊಂಡು ಹೊಸ ಬಾರು ತರಲು ಹೋದ.

ಬುಂದೂ ಮಿಯಾ ಹಲಗೆಯಿಂದ ಇಳಿದು, ನನ್ನ ಮೈ ಸವರಿಕೊಂಡು ಮುಖದವರೆಗೆ ಬಂದರು. ಬೆರಳು ಜೋಲುವ ಪಟ್ಟಿಗೆ ತಾಗಿತು, ಆಮೇಲೆ ನನ್ನ ರೆಪ್ಪೆಗೆ.

"ನೋಡಿಬಿಟ್ಟೆಯಾ," ಎಂದರು.

ನಾನು ಮುಖ ತಿರುಗಿಸಿದೆ.

"ನಿನಗೆ ಮೋಸ ಮಾಡಬೇಕು ಅಂತ ಇರಲಿಲ್ಲ ಕಜರಾ. ಒಬ್ಬನೇ ಸುತ್ತಿದ್ರೆ ಬರೀ ಗಾಣ. ಜೊತೆಗೊಬ್ಬರಿದ್ರೆ ಪೇಟೆ ಆಗ್ತಿತ್ತು." ನನ್ನ ಹಣೆಯ ಮೇಲೆ ಕೈಯಿಟ್ಟರು. "ಒಂದು ಸಲ, ಒಂದೇ ಸಲ, ನಿಜವಾಗಿ ಹೋಗೋಣ. ನಿನ್ನ ಕಣ್ಣು, ನನ್ನ ನಾಲಿಗೆ. ಆಮೇಲೆ ನಾನು ಏನೂ ಕೇಳೋದಿಲ್ಲ."

ಹೊಸ ಬಾರು ಬಂತು, ಮತ್ತೆ ಕತ್ತಲಾಯಿತು. ನಾನು ನಡೆದೆ, ಬೇರೆ ದಾರಿಯಿರಲಿಲ್ಲ. ಆದರೆ ಅವರು ಸಲಾಮು ಮಾಡಿದಾಗಲೆಲ್ಲ ಗೋಡೆ ಕಾಣುತ್ತಿತ್ತು. ಬಂಧನವೆಂದರೆ ಏನೆಂದು ನನಗೆ ಆಗ ತಿಳಿಯಿತು. ಮೊದಲೂ ನಾನು ಸೆರೆಯಲ್ಲೇ ಇದ್ದೆ, ಆದರೆ ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂದೊಂದು ಹೆಜ್ಜೆಯೂ ಭಾರವಾಯಿತು.

ಅವರು ಮಗನನ್ನು ಕೇಳಿದರು. ಒಂದು ಸಲವಲ್ಲ, ಆ ಚಳಿಗಾಲ ಪೂರ್ತಿ ಕೇಳಿದರು.

"ಅಬ್ಬಾ, ಬಿದ್ದು ಇನ್ನೊಂದು ಸಲ ಮೂಳೆ ಮುರಿದುಕೊಂಡ್ರೆ ನಾನು ಗಾಣ ನೋಡಲಾ, ನಿಮ್ಮನ್ನು ನೋಡಲಾ?" ಎನ್ನುತ್ತಿದ್ದ ಯಾಮೀನ್. ಅವನು ಕೆಟ್ಟವನಲ್ಲ, ಹೆದರಿದವನು. ಅಪ್ಪ ಚರಂಡಿಯಲ್ಲಿ ಬಿದ್ದದ್ದನ್ನು ಅವನು ಮರೆತಿರಲಿಲ್ಲ.

ಬೇಸಿಗೆ ಬಂತು. ಎಣ್ಣೆ ತೆಗೆಯುವ ಕರೆಂಟಿನ ಯಂತ್ರ ರೈಲಿನಲ್ಲಿ ಬರುವುದೆಂದೂ, ಗುರುವಾರ ಬೆಳಿಗ್ಗೆ ಅದನ್ನು ತಂದು ಮಧ್ಯಾಹ್ನ ಎತ್ತನ್ನು ಸಂತೆಗೆ ಹೊಡೆಯುವುದೆಂದೂ ಯಾಮೀನ್ ಹೇಳುವುದನ್ನು ಕೇಳಿದೆ. ಹಲಗೆಯ ಮೇಲೆ ಬುಂದೂ ಮಿಯಾ ಕೂತಿದ್ದರು. ಆ ದಿನ ನಾವು ತಹಸೀಲು ಗೇಟನ್ನೇ ದಾಟಲಿಲ್ಲ.

ಗುರುವಾರ ಯಾಮೀನ್ ಸ್ಟೇಷನ್ನಿಗೆ ಹೋದ ಮೇಲೆ ನಫೀಸಾ ಕೊಟ್ಟಿಗೆಗೆ ಬಂದಳು. ಅವಳು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿದವನಲ್ಲ. ನನ್ನ ಹಗ್ಗ ಬಿಚ್ಚಿದಳು, ಪಟ್ಟಿಯನ್ನು ಗೂಟದಲ್ಲೇ ಬಿಟ್ಟಳು. ಹೊರಗೆ ಬಂದು ಹಗ್ಗದ ಇನ್ನೊಂದು ತುದಿಯನ್ನು ಅಲ್ಲಿ ಕಾಯುತ್ತಿದ್ದ ಮಾವನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿದಳು.

"ಮಧ್ಯಾಹ್ನದ ಬಾಂಗಿಗೆ ಮೊದಲು ಬಂದುಬಿಡಿ ಅಬ್ಬಾ," ಎಂದಳು.

"ಅವನು ಕೇಳಿದ್ರೆ?"

"ನಾನು ಕಳಿಸಿದೆ ಅಂತೀನಿ."

ಬೀದಿ ಬಾಗಿಲು ತೆರೆಯಿತು. ಬೆಳಕು ಮುಖಕ್ಕೆ ಅಪ್ಪಳಿಸಿತು. ನೇರ ದಾರಿ ಕಂಡು ನನಗೇ ದಿಗಿಲಾಯಿತು. ಕಾಲು ತಾನಾಗಿ ಎಡಕ್ಕೆ ಎಳೆಯುತ್ತಿತ್ತು, ಎರಡು ಸಲ ಪಕ್ಕದ ಮನೆಯ ಜಗಲಿಗೆ ಹೋಗಿ ಮೂತಿ ತಾಗಿಸಿದೆ. ದಾರಿಯಲ್ಲಿದ್ದವರು ನಕ್ಕರು. ಬುಂದೂ ಮಿಯಾ ಹಗ್ಗ ಬಿಗಿಹಿಡಿದು, "ನಿಧಾನ ಬೇಟಾ, ನಂಗೂ ಹೊಸದೇ," ಎಂದರು.

ತಹಸೀಲು ಗೇಟು ಇತ್ತು. ಅರ್ಜಿ ಬರೆಯುವವರೂ ಇದ್ದರು. ಮಸಿಕುಡಿಕೆಯ ಬದಲು ಟೈಪು ಯಂತ್ರ ಕುಟ್ಟುತ್ತಿದ್ದರು. ಆ ಸದ್ದಿಗೆ ಮುದುಕರು ಕಿವಿಯಾನಿಸಿ ಹುಬ್ಬು ಗಂಟಿಕ್ಕಿದರು. ಗೇಂದಾ ಹಲವಾಯಿಯ ಜಾಗದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ತೂಗುಹಾಕಿದ್ದರು. ಅವರು ಮೂಗೆತ್ತಿ ವಾಸನೆ ಹುಡುಕಿದರು, ಸಿಗಲಿಲ್ಲ. ಸಲಾಮು ಮಾಡಲು ಎತ್ತಿದ ಕೈಯನ್ನು ಇಳಿಸಿದರು.

ಬಳೆ ಅಂಗಡಿಯ ಕಡೆಯಿಂದ ಕ್ಯಾಸೆಟ್ಟಿನ ಹಾಡು ಕಿವಿ ಕಿತ್ತುಹೋಗುವಂತೆ ಬರುತ್ತಿತ್ತು. ಆದರೂ ಅವರು ಅಲ್ಲಿ ನಿಂತು ದನಿಯೇರಿಸಿ ಕೇಳಿದರು. "ಏನಯ್ಯಾ ಛೇದಾಲಾಲ್, ಕೆಮ್ಮು ಹೇಗಿದೆ?"

ಹಾಡು ನಿಂತಿತು. ಮೀಸೆ ಕತ್ತರಿಸಿಕೊಂಡ ಒಬ್ಬ ಗಂಡಸು ಹೊರಗೆ ಬಂದ. "ಬುಂದೂ ಚಾಚಾ? ನಾನು ಅವರ ಮಗ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು ಚಾಚಾ. ಕೊನೇವರೆಗೂ ನಿಮ್ಮನ್ನ ಕೇಳ್ತಿದ್ರು, ಎಣ್ಣೆಯವನು ಯಾಕೆ ಬರಲಿಲ್ಲ ಅಂತ."

ನಾಲ್ಕು ವರ್ಷ. ಅಂದರೆ ನಾನು ಬರುವ ಮೊದಲೇ. ನಾವಿಬ್ಬರೂ ದಿನಾ ಏಳೆಂಟು ಸಲ ಕೆಮ್ಮು ವಿಚಾರಿಸಿದ್ದು ಸತ್ತವನದು.

ಅಲ್ಲಿಂದ ಮುಂದೆ ಹಗ್ಗ, ಅದರ ತುದಿಯಲ್ಲಿ ಬುಂದೂ ಮಿಯಾ ಅವರ ಕೈಯೇ ಇಲ್ಲವೇನೋ ಎನ್ನುವಷ್ಟು ಸಡಿಲವಾಯಿತು. ಕಾಲು ಎಳೆಯುತ್ತ ಬಂದರು. ಚೌಕ ಹತ್ತಿರವಾದಾಗ ಮೆಲ್ಲಗೆ ಕೇಳಿದರು.

"ಅರಳಿ ಮರವಾದ್ರೂ ಇದೆಯೇನೋ ಕಜರಾ?"

ಇರಲಿಲ್ಲ. ಗುಂಡಗಿನ ಬರಿಯ ಜಾಗ, ನಡುವೆ ಕೊಯ್ದ ಬುಡ. ರಸ್ತೆ ಅಗಲ ಮಾಡಲು ಕಡಿದಿದ್ದರು. ಅಷ್ಟು ಮಾಡಿಯೂ ರಸ್ತೆ ಅಷ್ಟೇ ಇತ್ತು. ಬುಡದ ಮೇಲೆ ಒಬ್ಬ ಕ್ಷೌರಿಕ ಕನ್ನಡಿ ಒರಗಿಸಿಕೊಂಡು ಕೂತಿದ್ದ. ನೆತ್ತಿ ಸುಡುವ ಬಿಸಿಲು. ನೇರವಾಗಿ ನಡೆದುಬಿಟ್ಟರೆ ಮರವಿಲ್ಲವೆಂದು ಅವರಿಗೆ ತಿಳಿದುಹೋಗುತ್ತಿತ್ತು. ಅಷ್ಟು ಹೊತ್ತಿಗೆ ನೇರ ನಡೆಯುವುದು ನನಗೆ ಅಭ್ಯಾಸವೂ ಆಗಿತ್ತು.

ನಾನು ಎಡಕ್ಕೆ ತಿರುಗಿದೆ. ಕಾಲು ಎಳೆದದ್ದಲ್ಲ, ನಾನೇ ತಿರುಗಿದ್ದು. ಇಲ್ಲದ ಮರವನ್ನು ಗಾಣ ಸುತ್ತುವ ಹಾಗೆ ಅಳತೆಯಿಟ್ಟು ಸುತ್ತತೊಡಗಿದೆ. ಹಗ್ಗ ಬಾಗಿದ್ದು ಅವರಿಗೆ ತಿಳಿಯಿತು. ಬೆನ್ನು ನೆಟ್ಟಗಾಯಿತು. ಕ್ಷೌರಿಕ ಏನೋ ಹೇಳಲು ಬಾಯಿ ತೆರೆದವನು ನಮ್ಮಿಬ್ಬರನ್ನೂ ನೋಡಿ ಕತ್ತಿ ಹಿಡಿದುಕೊಂಡು ಸುಮ್ಮನಾದ. ಒಂದು ಸುತ್ತು ಮುಗಿಯುವವರೆಗೂ ಬುಂದೂ ಮಿಯಾ ಮುಖವನ್ನು ಮೇಲಕ್ಕೆತ್ತಿಯೇ ನಡೆದರು. ಬಿಸಿಲು ನೇರ ಹಣೆಯ ಮೇಲೆ ಬೀಳುತ್ತಿತ್ತು, ಬೆವರು ಗಡ್ಡಕ್ಕೆ ಇಳಿಯುತ್ತಿತ್ತು.

"ಎಷ್ಟು ತಂಪು ನೋಡು," ಎಂದರು.

ನೆರಳಿಲ್ಲವೆಂದು ಅವರ ಚರ್ಮಕ್ಕೆ ತಿಳಿಯದೆ ಇದ್ದೀತೇ? ಅವರು ನನ್ನನ್ನು ನಿಜವಾಗಿ ನಂಬಿದರೋ, ನನಗಾಗಿ ನಂಬಿದಂತೆ ನಟಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಬಾಗಿಲಲ್ಲಿ ಕಾದಿದ್ದ ನಫೀಸಾ ಹಗ್ಗ ಬಿಚ್ಚುತ್ತ, "ಮರ ನೋಡಿದ್ರಾ ಅಬ್ಬಾ?" ಎಂದು ಹೆದರುತ್ತಲೇ ಕೇಳಿದಳು. ಮರ ಇಲ್ಲವೆಂದು ಅವಳಿಗೆ ಗೊತ್ತಿತ್ತು.

"ನೋಡಿದೆ. ಕಜರಾ ತೋರಿಸಿದ," ಎಂದರು. ಆಮೇಲೆ ನನ್ನ ಕಣ್ಣಿನ ಸುತ್ತಲಿನ ಕಪ್ಪು ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅದೇ ಕೊನೆ. ಮಧ್ಯಾಹ್ನ ಯಂತ್ರ ಒಳಗೆ ಬಂತು, ನಾನು ಹೊರಗೆ ಹೋದೆ.

ಮುಂದೆ ಒಂದು ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಕಲಸಿದೆ. ಅಲ್ಲಿಯೂ ಸುತ್ತುವುದೇ ಕೆಲಸ. ಕಾಲು ಕುಂಟಾದ ಮೇಲೆ ಬೀದಿಗೆ ಬಿಟ್ಟರು. ಬೀದಿಯಿಂದ ಯಾರೋ ಹಿಡಿದು ಈ ದೊಡ್ಡಿಗೆ ತಂದು ಹಾಕಿದ್ದಾರೆ. ಇದಕ್ಕೂ ನಾಲ್ಕು ಗೋಡೆ, ಒಂದು ಕಬ್ಬಿಣದ ಬಾಗಿಲು. ನೊಗವಿಲ್ಲ, ಹಗ್ಗವಿಲ್ಲ, ಕಣ್ಣಿಗೆ ಪಟ್ಟಿಯಿಲ್ಲ. ಆದರೂ ಬೆಳಗಾದರೆ ನಾನು ಎದ್ದು ಗೋಡೆಯ ಗುಂಟ ಸುತ್ತುತ್ತೇನೆ. ಮುದಿ ಎತ್ತಿಗೆ ಚಟ ಬಿಟ್ಟಿಲ್ಲ ಎಂದು ಕಾವಲುಗಾರ ಬಂದವರಿಗೆ ತೋರಿಸಿ ನಗುತ್ತಾನೆ.

ನಗಲಿ. ನಾನೇ ಕಣ್ಣು ಮುಚ್ಚಿಕೊಂಡಿರುತ್ತೇನೆ. ತಹಸೀಲು ಗೇಟಿನ ಹತ್ತಿರ ಕಾಲೆತ್ತಿ ಇಡುತ್ತೇನೆ. ಹಲವಾಯಿಗೆ ಸಲಾಮು, ಛೇದಾಲಾಲನ ಕೆಮ್ಮು ಹೇಗಿದೆಯೆಂದು ಕೇಳಲು ಅಲ್ಲೊಂದು ಕ್ಷಣ ನಿಲ್ಲುತ್ತೇನೆ. ಚೌಕ ಬಂದಾಗ ಎಡಕ್ಕೆ ತಿರುಗುತ್ತೇನೆ. ಹಿಂದೆ ಹಲಗೆಯ ಮೇಲೆ ಒಬ್ಬರು ಕೂತಿರುವಷ್ಟು ಭಾರ ಕೊರಳಿಗೆ ತಿಳಿಯುತ್ತದೆ. ಅಲ್ಲಿ ತಂಪಾಗಿದೆ.