ಕೈಗೆ ಹಿಟ್ಟು ಮೆತ್ತಿಕೊಂಡ ದೊಡ್ಡಮ್ಮ

ಮಗು ಅತ್ತರೆ ನಿಮ್ಮ ಮನೆಯಲ್ಲಿ ಮೊದಲು ಏಳುವವರು ಯಾರು? ಹೆತ್ತವಳೋ, ಅವಳಿಗಿಂತ ಚುರುಕಾದ ಇನ್ನೊಬ್ಬರೋ?

ಬ್ರೆಡ್ಡಮ್ಮನ ಮನೆಯಲ್ಲಿ ಮೊದಲು ಏಳುತ್ತಿದ್ದವಳು ಬ್ರೆಡ್ಡಮ್ಮನೇ. ಅಳುವ ತನಕ ಕಾಯುವವಳೂ ಅಲ್ಲ. ಮಗು ಮುಖ ಸಿಂಡರಿಸಿದರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು. ಹಾಗೆ ಬಿಟ್ಟು ಓಡಿ ಎಷ್ಟೋ ಸಲ ಬ್ರೆಡ್ಡು ಸೀದು ಹೋಗಿತ್ತು.

ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಭಟ್ಟಿ, ಮೇಲೆ ಮನೆ. ಹಿಟ್ಟು ನಾದುವುದು ಅವಳು, ಭಟ್ಟಿ ನೋಡಿಕೊಳ್ಳುವುದು ಗಂಡ. ಬೀದಿಯವರಿಗೆಲ್ಲ ಅವಳು ಬ್ರೆಡ್ಡಮ್ಮ. ಅವರದು ಸಾಕುಮನೆಯೂ ಹೌದು. ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಮಕ್ಕಳ ಕಚೇರಿಯವರು ಇಂಥ ಮನೆಗಳಿಗೆ ಒಪ್ಪಿಸುತ್ತಾರೆ. ವಯಸ್ಸು ತುಂಬುವ ತನಕ ಮಕ್ಕಳು ಅಲ್ಲಿ ಮನೆಮಕ್ಕಳಾಗಿ ಬೆಳೆಯುತ್ತಾರೆ.

ಹಾಗೆ ಹಿಂದಿನ ವರ್ಷ ಬಂದವಳು ಒಬ್ಬ ಹುಡುಗಿ. ಅವಳೇ ಇನ್ನೂ ಎಳೆಯಳು, ಕಂಕುಳಲ್ಲಿ ಒಂದು ಹೆಣ್ಣು ಹಸುಗೂಸು. ಮೊದಲೇ ಮೂರು ಮನೆ ಬದಲಾಯಿಸಿ ಬಂದಿದ್ದಳು. ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಬ್ರೆಡ್ಡಮ್ಮನ ಗಂಡ ಅವಳನ್ನು 'ಪಿಸುಮಾತು' ಎಂದು ಕರೆದ. ಕೂಸಿನ ಕೆನ್ನೆ ನೋಡಿ, "ಇದು ನಮ್ಮ ಭಟ್ಟಿಯಿಂದಲೇ ಬಂದ ಹಾಗಿದೆ" ಎಂದು 'ಬನ್ನು' ಎಂದು ಹೆಸರಿಟ್ಟ. ಹುಡುಗಿ ಅವರನ್ನು ದೊಡ್ಡಮ್ಮ, ದೊಡ್ಡಪ್ಪ ಎಂದಳು.

ಬನ್ನುವಿಗೆ ಸ್ನಾನ ದೊಡ್ಡಮ್ಮನದು, ಊಟ ದೊಡ್ಡಮ್ಮನದು, ನಿದ್ದೆ ದೊಡ್ಡಮ್ಮನ ಹೆಗಲ ಮೇಲೆ. ಪಿಸುಮಾತು ಮೂಲೆಯಲ್ಲಿ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಹೆತ್ತ ಕರುಳು ಅಂದ್ರೆ ಹೀಗಾ? ಮಗು ಅತ್ರೆ ಮಿಸುಕಾಡಲ್ವಲ್ರೀ ಇವಳು!" ಎಂದು ಬ್ರೆಡ್ಡಮ್ಮ ಗಂಡನ ಹತ್ತಿರ ಗೊಣಗುತ್ತಿದ್ದಳು.

"ನೀನು ಮಿಸುಕಾಡೋಕೆ ಬಿಟ್ರೆ ತಾನೆ" ಎಂದು ಅವನು ಭಟ್ಟಿಯ ಬಾಗಿಲು ಮುಚ್ಚುತ್ತಿದ್ದ.

ಮಳೆಗಾಲ ಕಳೆದರೆ ಹುಡುಗಿಗೆ ವಯಸ್ಸು ತುಂಬುತ್ತಿತ್ತು. ಆಮೇಲೆ ಸ್ವಂತ ಬಾಳು, ಸ್ವಂತ ಕೋಣೆ. ಮಗುವನ್ನು ಒಬ್ಬಳೇ ನೋಡಿಕೊಳ್ಳಬಲ್ಲಳು ಎಂದು ಕಚೇರಿಯವರಿಗೆ ನಂಬಿಕೆ ಬಂದರೆ ತಾಯಿ ಮಗು ಜೊತೆಗೇ ಹೋಗಬಹುದು. ಬರದಿದ್ದರೆ ತಾಯಿ ಮಾತ್ರ ಹೋಗಬೇಕು, ಮಗು ಸಾಕುಮನೆಯಲ್ಲೇ ಉಳಿಯುತ್ತದೆ.

ಬ್ರೆಡ್ಡಮ್ಮ ಇದನ್ನು ಕೇಳಿಸಿಕೊಂಡು ಬ್ರೆಡ್ಡು ಜೋಡಿಸತೊಡಗಿದಳು. ಉಳಿದರೆ ಉಳಿಯಲಿ ಎಂದು ಎದೆಯ ಯಾವುದೋ ಮೂಲೆ ಅಂದುಕೊಂಡಿತು. ಆ ಮೂಲೆಯ ಕಡೆ ಅವಳು ಮತ್ತೆ ತಿರುಗಿ ನೋಡಲಿಲ್ಲ.

ಒಂದು ದಿನ ಬನ್ನುವಿಗೆ ಜ್ವರ ಬಂತು. ಬ್ರೆಡ್ಡಮ್ಮನೂ ಪಿಸುಮಾತೂ ಮಗುವಿನೊಂದಿಗೆ ಆಸ್ಪತ್ರೆಗೆ ಹೋದರು. ಕಚೇರಿಯ ಸಲಹೆಗಾರ್ತಿಯೂ ಸೈಕಲ್ ತುಳಿದುಕೊಂಡು ಬಂದಳು. ಸಾಕುಮನೆಯಲ್ಲಿರುವ ಎಳೆಯ ಅಪ್ಪ ಅಮ್ಮಂದಿರನ್ನು ಸ್ವಂತ ಬದುಕಿಗೆ ಅಣಿಮಾಡುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಸೈಕಲ್ ಮೇಡಂ.

"ಜ್ವರ ಯಾವಾಗಿಂದ?" ಎಂದು ನರ್ಸು ಪಿಸುಮಾತನ್ನು ಕೇಳಿದಳು. ಉತ್ತರ ಕೊಟ್ಟದ್ದು ಬ್ರೆಡ್ಡಮ್ಮ.

"ಹಾಲು ಕುಡೀತಾ?" ಬ್ರೆಡ್ಡಮ್ಮ.

"ಮುಂಚೆ ಯಾವ ಔಷಧಿಗಾದ್ರೂ ಮೈಮೇಲೆ ಗುಳ್ಳೆ ಎದ್ದಿತ್ತಾ?" ಅದಕ್ಕೂ ಬ್ರೆಡ್ಡಮ್ಮ.

ನರ್ಸು ಪೆನ್ನು ಕೆಳಗಿಟ್ಟಳು. "ಅಮ್ಮ ಯಾರು ಇಲ್ಲಿ?"

ಪಿಸುಮಾತು ಬ್ರೆಡ್ಡಮ್ಮನ ಕಡೆ ಕೈ ತೋರಿಸಿದಳು.

ಹೊರಗೆ ಬಂದ ಮೇಲೆ ಸೈಕಲ್ ಮೇಡಂ ಬ್ರೆಡ್ಡಮ್ಮನನ್ನು ಬೆಂಚಿನ ಮೇಲೆ ಕೂರಿಸಿಕೊಂಡಳು.

"ಅಮ್ಮಾ, ನಿಮ್ಮಂಥ ಮನೆ ಸಿಗೋದು ಪುಣ್ಯ. ಆದ್ರೆ ಒಂದು ಮಾತು. ನಾಳೆ ಅವಳ ಕೋಣೆಯಲ್ಲಿ ಮಗುಗೆ ಜ್ವರ ಬಂದ್ರೆ ಯಾರು ಉತ್ತರ ಕೊಡೋದು?"

"ಅವಳಿಗೆ ಏನೂ ಬರಲ್ಲ ಮೇಡಂ. ಪಾಪ, ಮಗುವಿನಂಥವಳು. ಅದಕ್ಕೇ ಎಲ್ಲ ನಾನೇ ಮಾಡ್ತೀನಿ."

"ನೀವೇ ಎಲ್ಲ ಮಾಡಿದ್ರೆ ಅವಳಿಗೆ ಬರೋದು ಯಾವಾಗ? ದಡದ ಮೇಲೆ ಕೂತು ಯಾರಾದ್ರೂ ಈಜು ಕಲೀತಾರಾ?"

"ಮುಳುಗಿಬಿಟ್ರೆ?"

"ನೀವು ಪಕ್ಕದಲ್ಲೇ ಇರ್ತೀರಲ್ಲ! ಮುಳುಗೋ ಹಾಗಾದ್ರೆ ಎತ್ತಿ. ನೀರು ಮೂಗಿಗೆ ಹೋಯ್ತು ಅಂತ ಎತ್ತಬೇಡಿ."

"ನನ್ನ ಕೈ ಸುಮ್ಮನಿರಲ್ಲ. ಮಗು ಅತ್ರೆ ಅದು ತಾನಾಗೇ ಹೋಗುತ್ತೆ."

ಸೈಕಲ್ ಮೇಡಂ ಅವಳ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಬೆಳಗಿನ ಹಿಟ್ಟು ಒಣಗಿತ್ತು. "ಹಾಗಾದ್ರೆ ಮಗು ಏಳೋ ಹೊತ್ತಿಗೇ ಹಿಟ್ಟು ಕಲಸಿ. ಎರಡೂ ಕೈ ಹಿಟ್ಟಲ್ಲಿರಲಿ. ಅಪಾಯ ಅಂದ್ರೆ ಹಿಟ್ಟಿನ ಕೈಯಲ್ಲೇ ಓಡಿ. ಬರೀ ಅಳು ಅಂದ್ರೆ ನಾದ್ತಾ ಇರಿ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ಹಿಟ್ಟಾದ್ರೆ?" ಬ್ರೆಡ್ಡಮ್ಮನಿಗೆ ಸಿಟ್ಟೂ ನಗೆಯೂ ಒಟ್ಟಿಗೆ ಬಂದವು.

"ಹುಡುಗಿ ಗಟ್ಟಿ" ಎಂದು ಮೇಡಂ ಸೈಕಲ್ ಹತ್ತಿದಳು.

ಜ್ವರ ಇಳಿದ ಮೇಲೆ ಹಾಗೇ ಶುರುವಾಯಿತು. ಮೊದಲ ಬೆಳಗ್ಗೆ ಬನ್ನು ಸೂರು ಹಾರಿಹೋಗುವ ಹಾಗೆ ಅತ್ತಿತು. ಪಿಸುಮಾತು ಬಟ್ಟೆ ಹಿಡಿದುಕೊಂಡು ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಮೊಣಕೈ ತನಕ ಹಿಟ್ಟಿನಲ್ಲಿದ್ದಳು.

"ನನ್ನ ಕೈ ಖಾಲಿ ಇಲ್ಲ ಮಗಳೇ."

ಹುಡುಗಿ ಎದ್ದಳು. ಮಗುವನ್ನು ಗಾಜಿನ ಪಾತ್ರೆಯ ಹಾಗೆ ಎತ್ತಿಕೊಂಡಳು.

"ತಲೆ ಹಿಂದೆ ಕೈ ಕೊಡು! ಹಾಗಲ್ಲ, ಎದೆಗೆ ಹಾಕ್ಕೋ! ಬೆನ್ನು ತಟ್ಟು! ಅಷ್ಟು ಜೋರಾಗಲ್ಲ! ಅಯ್ಯೋ, ಕಿಟಕಿ ಹತ್ರ ಹೋಗು!"

ಹುಡುಗಿ ಕೋಣೆಯ ನಡುವೆ ಕಲ್ಲಾಗಿ ನಿಂತಳು. ಭಟ್ಟಿಯ ಹತ್ತಿರದಿಂದ ಗಂಡ ಇಣುಕಿದ. "ಏನೇ, ಹಿಟ್ಟು ಕೈಗೆ ಮೆತ್ತಿದ್ರೆ ಆಯ್ತಾ? ಬಾಯಿಗೆ ಯಾರು ಮೆತ್ತೋರು?" ಎನ್ನುತ್ತಾ ಬಂದು ಒಂದು ದಪ್ಪ ಬ್ರೆಡ್ಡಿನ ತುಂಡನ್ನು ಹೆಂಡತಿಯ ಬಾಯಿಗೆ ತುರುಕಿದ.

ಬ್ರೆಡ್ಡಮ್ಮ ಕಣ್ಣು ಕೆಕ್ಕರಿಸಿದಳು. ಉಗಿಯುವುದಕ್ಕೂ ಆಗದು, ತೆಗೆಯುವುದಕ್ಕೆ ಕೈಯಿಲ್ಲ. ಅವಳ ಮುಖ ನೋಡಿ ಪಿಸುಮಾತಿಗೆ ನಗು ಬಂತು. ಆ ಮನೆಗೆ ಬಂದ ಮೇಲೆ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ಎದೆಗೊರಗಿದ್ದ ಬನ್ನುವಿಗೆ ಆ ನಗು ತಾಕಿತೋ ಏನೋ, ಅಳು ಬಿಟ್ಟು ತಾಯಿಯ ಗಲ್ಲ ನೋಡತೊಡಗಿತು.

ಎಲ್ಲ ದಿನವೂ ಹೀಗೆ ಸಲೀಸಾಗಲಿಲ್ಲ. ಗಂಜಿ ತಳ ಹಿಡಿಯಿತು. ಒಗೆದ ಬಟ್ಟೆ ಮಳೆಯಲ್ಲಿ ನೆನೆಯಿತು. ಒಮ್ಮೆ ಬಸ್ಸಿನಲ್ಲಿ ಹಾಲಿನ ಬಾಟಲಿ ಬಿಟ್ಟು ಬಂದು ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅವತ್ತು ಬ್ರೆಡ್ಡಮ್ಮ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಮಗುವನ್ನು ಇಸಿದುಕೊಳ್ಳಲಿಲ್ಲ. ಸೈಕಲ್ ಮೇಡಂ ಹೇಳಿಕೊಟ್ಟದ್ದು ನೆನಪಿತ್ತು: ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ.

"ಈಗ ಏನು ಮಾಡೋಣ ಅನ್ಸುತ್ತೆ ನಿಂಗೆ?"

ಬ್ರೆಡ್ಡಮ್ಮನ ನಾಲಿಗೆ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ಅವಳು ತಡೆದುಕೊಂಡಳು. ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದರು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೌನ ಇಷ್ಟು ಭಾರವಾಗಿರುತ್ತದೆ ಎಂದು ಬ್ರೆಡ್ಡಮ್ಮನಿಗೆ ಗೊತ್ತೇ ಇರಲಿಲ್ಲ. ಈ ಹುಡುಗಿ ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತಿದ್ದಳಲ್ಲ ಎಂದುಕೊಂಡಳು.

"ಈಗ ಲೋಟದಲ್ಲಿ ಕುಡಿಸಿ ನೋಡ್ತೀನಿ. ನಾಳೆ ಹೊಸ ಬಾಟಲಿ ತರ್ತೀನಿ" ಎಂದಳು ಹುಡುಗಿ ಕೊನೆಗೆ. ಮಗುವಿನ ತಲೆ ನೇವರಿಸುತ್ತಾ ಹೇಳಿದಳು: "ದೊಡ್ಡಮ್ಮಾ, ನಂಗೂ ಅವಳನ್ನ ಎತ್ಕೋಬೇಕು ಅಂತ ಆಸೆ ಇತ್ತು. ನಾನು ಏಳೋ ಅಷ್ಟರಲ್ಲಿ ನೀವು ಎದ್ದಿರ್ತಿದ್ರಿ. ಹಿಂದಿನ ಮನೇಲೂ ಹಾಗೇ, ಏನು ಮುಟ್ಟಿದ್ರೂ 'ನಿಂಗೆ ಬರಲ್ಲ, ಬಿಡು' ಅಂತಿದ್ರು. ನಂಗೆ ಬರಲ್ಲ ಅಂತಾನೇ ಅಂದ್ಕೊಂಡೆ."

ಬ್ರೆಡ್ಡಮ್ಮನಿಗೆ ಆ ಮೂಲೆ ನೆನಪಾಯಿತು, ಉಳಿದರೆ ಉಳಿಯಲಿ ಎಂದ ಎದೆಯ ಮೂಲೆ. "ಬರುತ್ತೆ ಮಗಳೇ. ಬಾರದೇ ಇದ್ದದ್ದು ನಂಗೆ, ಬಿಡೋದು" ಎಂದಳು.

ಅಲ್ಲಿಂದಾಚೆ ಇಬ್ಬರೂ ಕಲಿತರು. ಸೈಕಲ್ ಮೇಡಂ ವಾರವಾರ ಬಂದು ಹುಡುಗಿಯನ್ನು ಬ್ಯಾಂಕಿಗೆ ಕರೆದೊಯ್ದು ಅವಳ ಹೆಸರಲ್ಲೇ ಖಾತೆ ಮಾಡಿಸಿದಳು. ಮನೆ ಬಾಡಿಗೆಗೆ ಕೇಳುವಾಗ ಏನೇನು ವಿಚಾರಿಸಬೇಕು, ಲಸಿಕೆಗೆ ಎಲ್ಲಿಗೆ ಹೋಗಬೇಕು, ದಣಿವಾದಾಗ ಯಾರಿಗೆ ಫೋನ್ ಮಾಡಬೇಕು ಎಂದು ತೋರಿಸಿಕೊಟ್ಟಳು. ಹೊಲಿಗೆ ಅಂಗಡಿಯಲ್ಲಿ ಹುಡುಗಿಗೆ ಕೆಲಸ ಸಿಕ್ಕಿತು. ಅದೇ ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಪಕ್ಕದಲ್ಲೇ ಹಗಲಿಗೆ ಮಗು ಬಿಡಲು ಶಿಶುವಿಹಾರವಿತ್ತು.

ಕಚೇರಿಯ ಹಿರಿಯ ಅಧಿಕಾರಿ ನೋಡಲು ಬಂದ ದಿನ ಬನ್ನು ಹಲ್ಲು ಮೂಡುವ ರಗಳೆಯಲ್ಲಿತ್ತು. ಒಂದೇ ಸಮನೆ ಅಳು. ಬ್ರೆಡ್ಡಮ್ಮ ಹಿಟ್ಟನ್ನು ಎಷ್ಟು ಗಟ್ಟಿಯಾಗಿ ನಾದಿದಳೆಂದರೆ ಮೇಜು ಕಿರುಗುಟ್ಟಿತು.

"ಯಾಕೆ ಅಳ್ತಿದೆ?" ಎಂದ ಅಧಿಕಾರಿ, ಬ್ರೆಡ್ಡಮ್ಮನ ಕಡೆ ನೋಡುತ್ತಾ.

ಬ್ರೆಡ್ಡಮ್ಮ ಬಾಯಿ ತೆರೆದಳು. ತಕ್ಷಣ ಮೇಜಿನ ಮೇಲಿದ್ದ ಬ್ರೆಡ್ಡಿನ ತುಂಡಿಗೆ ಬಾಗಿ ತಾನಾಗೇ ಕಚ್ಚಿಕೊಂಡಳು. ಅಧಿಕಾರಿ ಕಕ್ಕಾಬಿಕ್ಕಿಯಾದ.

"ಹಲ್ಲು ಬರ್ತಿದೆ ಸರ್" ಎಂದಳು ಮಗುವನ್ನು ಎತ್ತಿಕೊಂಡಿದ್ದ ಪಿಸುಮಾತು. ದನಿ ಸಣ್ಣದೇ. ಆದರೆ ಎಲ್ಲರಿಗೂ ಕೇಳಿಸಿತು. "ನಿನ್ನೆ ಸಂಜೆಯಿಂದ. ಜ್ವರ ಇಲ್ಲ, ನೋಡಿದೆ. ಒದ್ದೆ ಬಟ್ಟೆ ಕಚ್ಚೋಕೆ ಕೊಟ್ರೆ ಸುಮ್ಮನಾಗ್ತಾಳೆ. ನಿಮ್ಮ ಪಕ್ಕದಲ್ಲಿರೋ ಆ ಬಟ್ಟೆ ಕೊಡಿ, ನಿಮಗೆ ಬೆನ್ನು ತೋರಿಸಿ ನಿಲ್ತೀನಿ. ಹೊಸಬರ ಮುಖ ಕಂಡ್ರೆ ಜಾಸ್ತಿ ಮಾಡ್ತಾಳೆ."

ಅಧಿಕಾರಿ ಮಗುವಿನ ಬಟ್ಟೆಯನ್ನು ಅವಳ ಕೈಗೆ ಕೊಟ್ಟು, ತನ್ನ ಮುಖವನ್ನು ತಾನೇ ಬಾಗಿಲಿನತ್ತ ತಿರುಗಿಸಿಕೊಂಡ. ತಾಯಿ ಮಗು ಜೊತೆಗಿರಬಹುದೆಂದು ಆ ವಾರವೇ ಫೋನ್ ಬಂತು.

ಹೊಸ ಕೋಣೆಗೆ ಹೋಗುವ ದಿನ ಬ್ರೆಡ್ಡಮ್ಮ ತನ್ನ ಮನೆಯ ಬಾಗಿಲಿನ ಒಂದು ಕೀಲಿಯನ್ನು ಹುಡುಗಿಯ ಕೈಗಿಟ್ಟಳು. "ಹೋಗೋದು ಅಂದ್ರೆ ಕಡಿದುಕೊಂಡು ಹೋಗೋದಲ್ಲ. ಯಾವಾಗ ಬೇಕಾದ್ರೂ ಬಾ, ಏನು ಬೇಕಾದ್ರೂ ಕೇಳು" ಎಂದಳು. ಹುಡುಗಿ ಬೀದಿಯ ತಿರುವು ದಾಟುವ ತನಕ ಬ್ರೆಡ್ಡಮ್ಮ ನಗುತ್ತಲೇ ಇದ್ದಳು. ಆಮೇಲೆ ಒಳಗೆ ಹೋಗಿ, ಬೇಡದಿದ್ದರೂ ಒಂದು ಬೋಗುಣಿ ಹಿಟ್ಟು ನಾದಿದಳು.

ವಾರ ಕಳೆದು ಗಂಡ ಹೆಂಡತಿ ನೋಡಲು ಹೋದರು. ಮೆಟ್ಟಿಲ ಮೇಲಿರುವಾಗಲೇ ಒಳಗೆ ಬನ್ನು ಅಳುವುದು ಕೇಳಿಸಿತು. ಬ್ರೆಡ್ಡಮ್ಮ ಓಡಲು ಕಾಲು ಎತ್ತಿದಳು. ಗಂಡ ಅವಳ ಕೈ ಹಿಡಿದುಕೊಂಡ. ಇಬ್ಬರೂ ಮುಚ್ಚಿದ ಬಾಗಿಲಿನ ಮುಂದೆ ನಿಂತರು. ಒಳಗೆ ಹೆಜ್ಜೆ ಸದ್ದು, ಏನೋ ಗುನುಗು, ಆಮೇಲೆ ಅಳು ನಿಂತಿತು.

ಆಗ ಬಾಗಿಲು ತಟ್ಟಿದರು.

"ಬನ್ನಿ ದೊಡ್ಡಮ್ಮಾ, ದೊಡ್ಡಪ್ಪಾ!" ಹುಡುಗಿಯ ದನಿ ಮೆಟ್ಟಿಲ ತಳದವರೆಗೂ ಕೇಳುವಂತಿತ್ತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಮೇಜಿನ ಮೇಲಿದ್ದ ಬೋಗುಣಿಯ ಬಟ್ಟೆ ಸರಿಸಿದಳು. ಒಳಗೆ ಹಿಟ್ಟು, ನೀರು, ಯೀಸ್ಟು ಸಿದ್ಧವಾಗಿದ್ದವು.

"ಕೈ ತೊಳ್ಕೊಂಡು ಕೂತ್ಕೊಳ್ಳಿ ದೊಡ್ಡಮ್ಮಾ. ಬನ್ನುಗೆ ಊಟ ಮಾಡಿಸೋ ಹೊತ್ತು. ನೀವು ನಾದ್ತಾ ಇರಿ."

ಓದುವ, ಕೇಳುವ ಅಣ್ಣ ಅಕ್ಕಂದಿರೇ, ನಿಮ್ಮ ನೆರಳಿನಲ್ಲೂ ಇಂಥ ಒಬ್ಬ ಎಳೆಯ ತಾಯಿಯೋ ತಂದೆಯೋ ಇರಬಹುದು. ಅವರಿಗೆ ಪ್ರೀತಿ ಕೊಡಿ, ಜೊತೆಗೆ ಜಾಗವನ್ನೂ ಕೊಡಿ. ಮಾಡಿಕೊಡುವ ಬದಲು ಪಕ್ಕದಲ್ಲಿ ನಿಂತು ಮಾಡಲು ಬಿಡಿ. ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯಿರಿ. ನಿಮಗೇ ದಾರಿ ತೋಚದಿದ್ದರೆ ನಿಮ್ಮ ಊರಿನ ಮಕ್ಕಳ ಕಚೇರಿಯ ಬಾಗಿಲು ತಟ್ಟಿ ಕೇಳಿ. ಇಂದು ಮಗು ಅತ್ತಾಗ, ಅಪಾಯವೇನಿಲ್ಲವೆಂದು ಒಮ್ಮೆ ನೋಡಿಕೊಂಡು, ನಿಮ್ಮ ಕೈಗೆ ಬೇರೆ ಕೆಲಸ ಕೊಡಿ. ಅದರ ಅಮ್ಮ ಏಳಲಿ.