ನಿಲ್ಲಿಸಿಟ್ಟ ಬಾಟಲಿ

ಶವಪೆಟ್ಟಿಗೆ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮೇಜನ್ನು ಒಂದು ಗೇಣು ಸರಿಸಿದ್ದರೆ ಸಲೀಸಾಗಿ ಆಚೆ ಹೋಗುತ್ತಿತ್ತು. ಹೊತ್ತವರಲ್ಲೊಬ್ಬ ಸೊಂಟದಿಂದ ಮೇಜನ್ನು ತಳ್ಳಲು ಹೋದ.

"ಏಯ್, ಮೇಜು ಮುಟ್ಬೇಡ!" ಪಕ್ಕದ ತೋಟದ ಎವಾಸ್ಯೊ ಕೂಗಿದ. "ಕಣ್ ಕಾಣಲ್ವಾ? ಒತ್ತಾವಿಯಾ ಬಾಟ್ಲಿ ನಿಲ್ಸಿಟ್ಟಿದಾಳೆ."

ಎಲ್ಲರೂ ನೋಡಿದರು. ಮೇಜಿನ ನಡುವೆ ಧೂಳು ಹಿಡಿದ ಬಾಟಲಿಯೊಂದು ನೆಟ್ಟಗೆ ನಿಂತಿತ್ತು. ದ್ರಾಕ್ಷಿ ಬೆಳೆಯುವ ಲಾಂಗೆ ಸೀಮೆಯ ಈ ಗುಡ್ಡಗಳಲ್ಲಿ ಹಳೆಯ ಕೆಂಪು ವೈನನ್ನು ವರ್ಷಗಟ್ಟಲೆ ಮಲಗಿಸಿಯೇ ಇಡುತ್ತಾರೆ. ನಾಳೆ ಯಾರಾದರೂ ಊಟಕ್ಕೆ ಬರುವವರಿದ್ದರೆ ಇವತ್ತೇ ಎಬ್ಬಿಸಿ ನಿಲ್ಲಿಸುತ್ತಾರೆ, ಮಡ್ಡಿ ಕೆಳಗಿಳಿಯಲಿ ಎಂದು. ಹಾಗೆ ನಿಲ್ಲಿಸಿದ್ದನ್ನು ಅಲ್ಲಾಡಿಸುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ, ಹೆಗಲ ಮೇಲೆ ಹೆಣವಿದ್ದರೂ ಅಷ್ಟೇ. ಹೊತ್ತವರು ಹಿಂದೆ ಸರಿದು, ಒತ್ತಾವಿಯಾಳನ್ನು ಹಿತ್ತಿಲ ಬಾಗಿಲಿನಿಂದ, ಕೋಳಿಗೂಡಿನ ಪಕ್ಕದಲ್ಲಿ ಹೊರಗೆ ತಂದರು.

"ಭಾನುವಾರ ಸಂಜೆ ತೀರ್ಕೊಂಡ್ಲು. ಅಂದ್ರೆ ಅವತ್ತು ಊಟಕ್ಕೆ ಯಾರನ್ನೋ ಕರ್ದಿದ್ಲು," ಎಂದರು ಫಾದರ್ ರೆಮಿಜ್ಯೊ.

"ನಿಮ್ಮನ್ನೇ ಇರ್ಬೇಕು ಫಾದರ್," ಎಂದ ಎವಾಸ್ಯೊ. "ಒಳ್ಳೆ ವೈನ್ ವಾಸ್ನೆ ನಿಮ್ಮ ಮೂಗಿಗೆ ಎರಡು ಗುಡ್ಡ ದಾಟಿ ಬರುತ್ತೆ."

"ಕರ್ದಿದ್ರೆ ಬರ್ದೆ ಇರ್ತಿದ್ನೇನಪ್ಪ?"

ಸತ್ತವಳ ತಂಗಿ ಚೆಲೆಸ್ತೀನಾ ಮೇಜಿನ ಮೇಲೆ ಬಗ್ಗಿ ನೋಡಿದಳು. ಬಾಟಲಿಯ ಚೀಟಿಯ ಮೇಲೆ ಅಪ್ಪ ವರ್ಷ ಬರೆದಿದ್ದ. ಗುಡ್ಡ ಇನ್ನೂ ಒಂದೇ ಆಗಿದ್ದ ಕೊನೆಯ ವರ್ಷ ಅದು. ಅಕ್ಕ ಕಾದದ್ದು ನನಗೇನಾ? ಅದೊಂದು ತಿಳಿದರೆ ಅವಳಿಗೆ ಸಾಕಿತ್ತು. ಹೇಳಬೇಕಾದವಳು ಮಾತ್ರ ಕೋಳಿಗೂಡು ದಾಟಿ ಹೋಗಿಯಾಗಿತ್ತು.

*

ಅಪ್ಪ ಸತ್ತ ಮೇಲೆ ಗುಡ್ಡ ಎರಡಾಯಿತು. ಒತ್ತಾವಿಯಾ ತನ್ನ ಪಾಲಿನಲ್ಲಿ ವಿಷದ ಔಷಧಿ ಹೊಡೆಯುವುದನ್ನೇ ಬಿಟ್ಟಳು. ದ್ರಾಕ್ಷಿ ಸಾಲುಗಳ ನಡುವೆ ಕಾಳು ಬಿತ್ತಿ, ಗಿಡ ಹೂ ಬಿಟ್ಟಾಗ ಮಣ್ಣಿಗೆ ಮಗುಚಿ ಗೊಬ್ಬರ ಮಾಡುತ್ತಿದ್ದಳು. ಊರವರು ನಕ್ಕರು. ಚೆಲೆಸ್ತೀನಾಳ ಗಂಡ ನಗಲಿಲ್ಲ. "ನಿಮ್ಮಕ್ಕನ ಕಳೆಯೆಲ್ಲ ನಮ್ಮ ಕಡೆ ಹಬ್ತಿದೆ" ಎಂದು ಗಡಿಯ ಸಾಲಿನವರೆಗೂ ಔಷಧಿ ಹೊಡೆಸಿದ. ಒತ್ತಾವಿಯಾಳ ಜೇನುಗೂಡುಗಳು ಖಾಲಿಯಾದವು. ಅಲ್ಲಿಗೆ ಅಕ್ಕತಂಗಿಯರ ಭಾನುವಾರದ ಊಟವೂ ನಿಂತಿತು.

ಗಂಡ ಹೋದ ಮೇಲೆ ಚೆಲೆಸ್ತೀನಾ ಪಾಲು ಮಾರಿ ಕೆಳಗಿನ ಪೇಟೆ ಸೇರಿದಳು. ಆಗಿನಿಂದ ಶನಿವಾರ ಬೆಳಿಗ್ಗೆ ಅಕ್ಕನ ಫೋನ್ ಬರತೊಡಗಿತು.

"ನಾಳೆ ಏನೇ ಅಡುಗೆ?"

"ಒಬ್ಬಳಿಗೆ ಏನಕ್ಕಾ ಅಡುಗೆ. ನಿನ್ನೆ ಸೂಪಿದೆ."

"ನಾನು ಮೊಲ ತಂದಿದೀನಿ. ದೊಡ್ಡದೇ ಇದೆ."

"ಹೌದಾ. ಚೆನ್ನಾಗಿ ಬೇಯ್ಸು."

"ಹೂಂ. ಬಸ್ಸು ಈಗ ಭಾನುವಾರನೂ ಬರುತ್ತಂತೆ."

"ಬರ್ಲಿ ಬಿಡು. ಹತ್ತೋರಿಗೆ ಒಳ್ಳೇದಾಯ್ತು."

ಬಾ ಎಂದು ಅವಳು ಅನ್ನಲಿಲ್ಲ, ಬರಲಾ ಎಂದು ಇವಳು ಕೇಳಲಿಲ್ಲ. ಗುಡ್ಡದ ಪಾಲಿನಲ್ಲಿ ಹೆಚ್ಚುಕಡಿಮೆ ಆಗಿದ್ದಿರಬಹುದು, ಅಪ್ಪನ ಬಿಗುಮಾನ ಮಾತ್ರ ಇಬ್ಬರಿಗೂ ಸರಿಸಮ ಬಂದಿತ್ತು.

*

ಮಣ್ಣು ಮುಗಿಸಿ ಮೂವರೂ ಅಡುಗೆಮನೆಗೆ ವಾಪಸಾದರು. ಎವಾಸ್ಯೊ ಮುರುಕಲು ಬೂಚನ್ನು ಮೆಲ್ಲಗೆ ಬಿಡಿಸಿ, ಉಸಿರು ಬಿಗಿಹಿಡಿದು ಬಗ್ಗಿಸಿದ. ಇಟ್ಟಿಗೆ ಬಣ್ಣಕ್ಕೆ ತಿರುಗಿದ ವೈನ್ ತಿಳಿಯಾಗಿ ಇಳಿಯಬೇಕಿತ್ತು. ಲೋಟದಲ್ಲಿ ಬಿದ್ದದ್ದು ಕದಡಿದ ಕೆರೆಯ ನೀರಿನಂತಿತ್ತು.

"ಯಾರೋ ಅಲ್ಲಾಡ್ಸಿದಾರೆ," ಎಂದರು ಫಾದರ್.

"ಇವತ್ತಿನ ಕೆಲಸ ಅಲ್ಲ ಫಾದರ್ ಇದು. ಎಷ್ಟೋ ಸಲ ಎಬ್ಸಿ ಮಲಗ್ಸಿದ ಬಾಟ್ಲಿ. ಮಡ್ಡಿ ಪುಡಿಯಾಗ್ಹೋಗಿದೆ, ಇನ್ನು ಕೆಳಗಿಳಿಯಲ್ಲ." ಎವಾಸ್ಯೊ ಕಿಟಕಿಯತ್ತ ತಲೆ ಆಡಿಸಿದ. "ನಮ್ಮ ಅಂಗಳದಿಂದ ಎಲ್ಲಾ ಕಾಣುತ್ತೆ. ಶನಿವಾರ ನೆಲಮಾಳಿಗೆಯಿಂದ ತರೋಳು, ಭಾನುವಾರ ಸಂಜೆ ವಾಪಸ್ ಒಯ್ಯೋಳು. ಯಾರೋ ಬಂದು ಹೋಗ್ತಾರೆ ಅನ್ಕೊಂಡಿದ್ದೆ."

"ಶನಿವಾರ ಯಾವಾಗ?" ಚೆಲೆಸ್ತೀನಾ ಕೇಳಿದಳು.

"ಬೆಳಿಗ್ಗೆ. ಮೊದ್ಲು ಬಾಟ್ಲಿ ತಂದಿಡೋಳು, ಆಮೇಲೆ ಫೋನ್ ಹಿಡಿಯೋಳು."

ಬೇಕಿದ್ದ ಉತ್ತರ ಸಿಕ್ಕಿತು. ಸಿಗದಿದ್ದರೇ ವಾಸಿಯಿತ್ತು. ಗಂಡಸರಿಬ್ಬರೂ ಲೋಟ ಮುಟ್ಟಲಿಲ್ಲ. ಚೆಲೆಸ್ತೀನಾ ಕುಡಿದಳು. ಒಣಗುಲಾಬಿಯ ವಾಸನೆ, ಒದ್ದೆ ಮಣ್ಣಿನ ರುಚಿ, ಕೊನೆಗೆ ನಾಲಿಗೆಗೆ ಒರಟು ಮಡ್ಡಿ. ಇಷ್ಟು ವರ್ಷವಾದರೂ ವೈನ್ ಕೆಟ್ಟಿರಲಿಲ್ಲ. ಅವಳು ಅಳುತ್ತಲೇ ಲೋಟ ಮುಗಿಸಿದಳು.

ಸಂಜೆ ಎವಾಸ್ಯೊ ತನ್ನ ಕಾರಿನಲ್ಲಿ ಅವಳನ್ನು ಪೇಟೆಯ ಮನೆಯವರೆಗೆ ಬಿಟ್ಟ. ಇಳಿದವಳು ಬಾಗಿಲು ಹಾಕದೆ ಒಳಗೆ ಬಗ್ಗಿದಳು.

"ಭಾನುವಾರ ಊಟಕ್ಕೆ ಬಾ ಎವಾಸ್ಯೊ."

ಆ ಮಾತನ್ನು ಅಷ್ಟು ಬಿಡಿಸಿ ಅವಳು ಯಾರಿಗೂ ಹೇಳಿದವಳಲ್ಲ.

"ಈ ಭಾನುವಾರನಾ? ಮಗಳು ಬರ್ತೀನಿ ಅಂದಿದಾಳೆ. ಇನ್ನೊಂದ್ಸಲ ನೋಡೋಣ."

"ಇನ್ನೊಂದ್ಸಲ ಅಂದ್ರೆ ಯಾವತ್ತು?"

"ನೋಡೋಣ ಬಿಡು, ಚೆಲೆಸ್ತೀನಾ."

ಅವನು ಗೇರ್ ಹಾಕಿದ. ಇಕ್ಕಟ್ಟಾದ ಬೀದಿಯಲ್ಲಿ ಹಿಂದೆ ಬಂದ ಲಾರಿ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಚೆಲೆಸ್ತೀನಾ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಮುಚ್ಚಲು ಬಿಡಲಿಲ್ಲ.