ನೀರು ಕುಡಿಸಿದಿರಿ, ತಾಯಿ

"ಈ ಕಲ್ಲಿನ ಮ್ಯಾಲೆ ಏನಂತ ಬರದವ್ರೆ?"

ಕೇಳಿದವಳು ಸಣ್ಣೀರಮ್ಮ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಕೈಪಂಪಿನ ಪಕ್ಕದಲ್ಲಿ ನೆಟ್ಟಿದ್ದ ಕರಿಕಲ್ಲಿನ ಎದುರು, ಸೊಂಟದಲ್ಲಿ ಕೊಡ ಇಟ್ಟುಕೊಂಡು, ತನ್ನಷ್ಟಕ್ಕೆ ಆಡಿಕೊಂಡ ಮಾತು. ಹಿತ್ತಾಳೆಯ ಆ ಕೊಡದ ಬಾಯಿಯ ತನಕ, ಸುಣ್ಣ ಬಳಿದಂತೆ, ಬಿಳಿಯ ಪೊರೆ ಕಟ್ಟಿತ್ತು. ಹತ್ತು ಹೆಜ್ಜೆ ಹಿಂದೆ ನಿಂತಿದ್ದ ನನಗೆ ಕಲ್ಲಿನ ಬರಹ ಓದದೆಯೇ ಗೊತ್ತಿತ್ತು. ಅದನ್ನು ಬರೆದುಕೊಟ್ಟವನು ನಾನೇ.

ನಾನು ಓದುವವರ ಮನೆಯಲ್ಲಿ ಬೆಳೆದವನು. ನಮ್ಮೂರಿನಲ್ಲಿ ಹಾಗೆಂದರೆ ಕಾವ್ಯ ಓದುವವರು ಎಂದರ್ಥ. ಸೋಮವಾರದ ಸಂಜೆ ಗುಡಿಯ ಕಲ್ಲುಮಂಟಪದಲ್ಲಿ ದೊಡ್ಡಪ್ಪ ರಾಗವಾಗಿ ಪದ್ಯ ಓದುತ್ತಿದ್ದರು. ತಂದೆ ಅರ್ಥ ಹೇಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ, ಅಷ್ಟೆ. ಮಾತು ನನಗೆ ಬರುತ್ತಿರಲಿಲ್ಲ; ಕೇಳುವುದು ಬರುತ್ತಿತ್ತು. ಸಣ್ಣೀರಮ್ಮನೂ ತಪ್ಪದೆ ಬಂದು ಕೊನೆಯ ಕಂಬದ ಬಳಿ ಕೂರುತ್ತಿದ್ದಳು. ಅರ್ಥ ಸಪ್ಪೆಯಾದ ದಿನ ಅಲ್ಲಿಂದಲೇ, "ಇನ್ನೊಂದ್ಸಲ ಹೇಳ್ರಪ್ಪ, ನಂಗೆ ಅಳು ಬರ್ಲಿಲ್ಲ" ಎನ್ನುತ್ತಿದ್ದಳು. ತಂದೆ ನಗುತ್ತ ಮತ್ತೆ ಹೇಳುತ್ತಿದ್ದರು. ಅವರದೊಂದು ಮಾತಿತ್ತು: "ಪದ ಕವಿಯದು, ಅರ್ಥ ನಮ್ಮ ಹೊಣೆ. ಪದದ ಹಿಂದೆ ಅವಿತುಕೋಬಾರದು."

ನಾನು ಅವಿತುಕೊಂಡೆ.

ಕಡಲಾಚೆಯ ಒಂದು ಸಂಸ್ಥೆ ನಮ್ಮೂರಿಗೆ ನೀರಿನ ನೆರವು ಕೊಟ್ಟ ಕಾಲವದು. ಅವರ ಭಾಷೆ ಕಲಿತಿದ್ದ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಸಂಸ್ಥೆ ಬೋರು ಕೊರೆಸಿ ಕೈಪಂಪು ಹಾಕಿಸಿತು. ತೆರೆದ ಬಾವಿಯೆಂದರೆ ರೋಗದ ಮನೆ ಎಂದು ಅವರ ನಿಯಮಗಳಲ್ಲಿತ್ತಂತೆ. ಹಾಗಾಗಿ ಗುಡಿಯ ಹಿಂದಿನ ಸಿಹಿನೀರಿನ ಬಾವಿಗೆ ಚಪ್ಪಡಿ ಎಳೆದು ಗಾರೆ ಮೆತ್ತಿದರು. ನಾಲ್ಕು ವರ್ಷದಲ್ಲಿ ಊರಿನ ಮಕ್ಕಳ ಹಲ್ಲು ತುಕ್ಕು ಹಿಡಿದಂತೆ ಕಂದಿದವು. ಸಣ್ಣೀರಮ್ಮನ ಮೊಮ್ಮಗಳು, ತಾಯಿಯಿಲ್ಲದ ಚೆಲುವಿ, ಕುಂಟೆಬಿಲ್ಲೆ ಆಡುವುದನ್ನು ನಿಲ್ಲಿಸಿದಳು. ಅವಳ ಮಂಡಿಗಳು ಒಳಕ್ಕೆ ಬಾಗತೊಡಗಿದ್ದವು. ಬೋರಿನ ನೀರೇ ಕಾರಣವೆಂದು ಊರಿಗೆಲ್ಲ ಗೊತ್ತಿತ್ತು. ಬೇಕಾಗಿದ್ದದ್ದು ಒಂದೇ, ಬಾವಿಯ ಮೇಲಿನ ಚಪ್ಪಡಿ ಸರಿಯುವುದು. ಆದರೆ ಅದು ಕೊಟ್ಟವರು ಹಾಕಿಸಿದ ಚಪ್ಪಡಿ. ಮುಟ್ಟಲು ಎಲ್ಲರಿಗೂ ಅಂಜಿಕೆ.

ಐದನೆಯ ವರ್ಷ ಸಂಸ್ಥೆಯಿಂದ ಒಬ್ಬ ಹೆಂಗಸು ಬಂದರು. ಊರವರ ಬಾಯಲ್ಲಿ ಅವರು ಮೇಡಮ್ಮ. ಜನರ ದೂರು ಕೇಳಲೆಂದೇ ಬಂದಿದ್ದರು. ನಮ್ಮ ಮೇಲ್ವಿಚಾರಕ ಜಯದೇವಪ್ಪನವರು ಜೀಪಿನಿಂದ ಇಳಿಯುವ ಮುಂಚೆ ನನ್ನ ಭುಜ ಹಿಡಿದು ಹೇಳಿದರು:

"ಪದಕ್ಕೆ ಪದ ಹೇಳಯ್ಯ, ಸಾಕು. ನಿಮ್ಮಪ್ಪನ ಥರ ಬಿಡಿಸ್ಕೊಂಡು ಕೂರಬೇಡ. ಈ ಸಲ ಒಳ್ಳೆ ಮಾತು ಬಂದ್ರೆ ಆಸ್ಪತ್ರೆ ಬರ್ತದೆ."

ಆಸ್ಪತ್ರೆ ಒಳ್ಳೆಯದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಉಳಿಯುತ್ತದೆ ಎಂಬುದನ್ನು ಹೇಳಿಕೊಳ್ಳಲಿಲ್ಲ.

ಸಭೆ ಸೇರಿದ್ದು ಅದೇ ಕಲ್ಲುಮಂಟಪದಲ್ಲಿ. ಮೇಡಮ್ಮ ಕುರ್ಚಿ ಬೇಡವೆಂದು ಜನರ ಜೊತೆ ಚಾಪೆಯ ಮೇಲೆ ಕೂತರು. "ತಪ್ಪಾಗಿದ್ದರೆ ಹೇಳಿ. ಕೊಟ್ಟವರೆಂದು ಹೆದರಬೇಡಿ. ಕೊಟ್ಟವರೇ ಉತ್ತರ ಹೇಳಬೇಕು" ಎಂದರು. ಅವರ ಮಾತನ್ನು ನಾನು ಚೆನ್ನಾಗಿಯೇ ಕನ್ನಡಕ್ಕೆ ತಂದೆ. ಕೊನೆಯ ಕಂಬದ ಬಳಿಯಿಂದ ಸಣ್ಣೀರಮ್ಮ ಎದ್ದಳು.

"ಎಂಗೇಳದಮ್ಮ ಅವ್ರಿಗೆ?" ಎಂದು ಯಾರೋ ಪಿಸುಗುಟ್ಟಿದರು.

"ಓದೋರ ಮನೆ ಮಗ ಅವ್ನಲ್ಲಾ, ಅರ್ಥ ಹೇಳ್ತಾನೆ ಸುಮ್ಕಿರು" ಎಂದಳು ಅವಳು.

ಮನೆಗೆ ಬಂದವರನ್ನು ನೇರ ಬೈಯುವ ರೂಢಿ ನಮ್ಮಲ್ಲಿಲ್ಲ; ಬೈಗುಳಕ್ಕೂ ಉಪಚಾರದ ಸೀರೆ ಉಡಿಸುತ್ತೇವೆ. ಅವಳು ಕೈ ಜೋಡಿಸಿ ಹೇಳಿದಳು:

"ನೀವು ನಮಗೆ ನೀರು ಕುಡಿಸಿದ್ರಿ, ತಾಯಿ. ಚೆನ್ನಾಗೇ ಕುಡಿಸಿದ್ರಿ. ನನ್ನ ಮೊಮ್ಮಗಳನ್ನ ಒಂದ್ಸಲ ನೋಡಿ. ಹಳೇ ಬಾವೀನ ನಾವು ನೆನೆಸ್ಕೊಳ್ಳದೇ ಇರೋ ದಿನ ಇಲ್ಲ."

ನೀರು ಕುಡಿಸುವುದೆಂದರೇನೆಂದು ಕನ್ನಡದ ಎಳೆಮಗುವಿಗೂ ಗೊತ್ತು. ಮಂಟಪವೆಲ್ಲ ಗೊಳ್ಳೆಂದಿತು. ಜಯದೇವಪ್ಪನವರು ನನ್ನನ್ನೇ ನೋಡುತ್ತಿದ್ದರು. ನಾನು ಪದಕ್ಕೆ ಪದ ಹೇಳಿದೆ: ನೀವು ನಮಗೆ ಕುಡಿಯಲು ನೀರು ಕೊಟ್ಟಿರಿ. ಚೆನ್ನಾಗಿ ಕೊಟ್ಟಿರಿ. ನನ್ನ ಮೊಮ್ಮಗಳನ್ನು ನೋಡಿ. ಹಳೆಯ ಬಾವಿಯನ್ನು ದಿನವೂ ನೆನೆಯುತ್ತೇವೆ.

ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಮೇಡಮ್ಮನೂ ನಕ್ಕರು. ಲಂಗದೊಳಗೆ ಕಾಲು ಮಡಚಿ, ಬಾಯಿ ಬಿಗಿಹಿಡಿದು ಕೂತಿದ್ದ ಚೆಲುವಿಯ ಕೆನ್ನೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅವರ ಧ್ವನಿ ನಡುಗುತ್ತಿತ್ತು. ಕೋಪವೇ?"

ನಿಜ ಹೇಳಲು ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ನಾನು ಅಂದೆ, "ಅಲ್ಲ, ಕೃತಜ್ಞತೆ."

ಅಂದು ನನ್ನದಾಗಿ ನಾನು ಸೇರಿಸಿದ್ದು ಆ ಒಂದು ಪದ ಮಾತ್ರ.

ಅರ್ಥವಾಯಿತೆಂದು ಸಣ್ಣೀರಮ್ಮ ನೆಮ್ಮದಿಯಿಂದ ಕೂತಳು. ಇನ್ನೆಂಟು ದಿನಕ್ಕೆ ಬಾವಿ ತೆರೆಯುತ್ತಾರೆಂದು ಹಗ್ಗ ಹೊಸೆದಳೆಂದೂ ಕೇಳಿದೆ. ಮೇಡಮ್ಮನ ವರದಿಯಲ್ಲಿ ಅವಳ ಮಾತು ಮೊದಲ ಸಾಲಾಯಿತು. ಆಸ್ಪತ್ರೆ ಬಂತು, ಅಲ್ಲಿಗೂ ಅದೇ ಬೋರಿನ ನೀರು ಹೋಯಿತು. ಪಂಪಿನ ಬಳಿ ಒಂದು ಕಲ್ಲು ನೆಡಬೇಕೆಂದು ಕಡಲಾಚೆಯಿಂದ ಅಪ್ಪಣೆಯೂ ಬಂತು. "ಆ ತಾಯಿಯ ಬಾಯಿಂದ ಬಂದ ಮಾತೇ ಇರಲಿ, ನಿಮ್ಮದಲ್ಲ" ಎಂದು ಮೇಡಮ್ಮ ಕಾಗದದಲ್ಲಿ ಬರೆದಿದ್ದರು. ಇದ್ದ ಹಾಗೆಯೇ ಬರೆದುಕೊಟ್ಟೆ. ಕಲ್ಲುಕುಟಿಗ ಕೆತ್ತುವಾಗ ಒಮ್ಮೆ ಉಳಿ ನಿಲ್ಲಿಸಿ, "ಇದೇ ಏನ್ರೀ? ನೋಡ್ಕೊಂಡ್ರಾ?" ಎಂದ. "ಇದೇ" ಎಂದೆ. ಶಾಲೆಯ ಮಕ್ಕಳು ಕಲ್ಲನ್ನು ಗಟ್ಟಿಯಾಗಿ ಓದಿ ನಗುವುದು ಶುರುವಾದ ಮೇಲೆ ನಾನು ಆ ದಾರಿ ಬಿಟ್ಟೆ. ಸೋಮವಾರ ಮಂಟಪಕ್ಕೆ ಹೋಗುವುದನ್ನೂ ಬಿಟ್ಟೆ.

ಎರಡು ವರ್ಷದ ಮೇಲೆ ಸಂಸ್ಥೆಯವರು ಮತ್ತೆ ಬರುತ್ತಾರೆಂಬ ಸುದ್ದಿ ಹಿಡಿದು ನಾನು ಅವಳಲ್ಲಿಗೆ ಹೋದ ದಿನವೇ, ಅವಳು ಆ ಕಲ್ಲನ್ನು ಹಾಗೆ ಕೇಳಿದ್ದು. ನಾನು ಹಿಂದೆ ನಿಂತದ್ದು ಅವಳಿಗೆ ಗೊತ್ತಿತ್ತೋ, ಮಕ್ಕಳು ಓದಿದ್ದನ್ನು ನನ್ನ ಬಾಯಿಂದಲೇ ಕೇಳಬೇಕೆಂದಿತ್ತೋ ಏನೋ. ಮುಂದೆ ಬಂದು ಓದಿದೆ:

"ನೀವು ನಮಗೆ ನೀರು ಕುಡಿಸಿದಿರಿ, ತಾಯಿ."

"ನನ್ ಮಾತೇ ಅಲ್ವಾ?" ಅವಳು ಕೊಡ ಕೆಳಗಿಟ್ಟಳು. "ಕಲ್ಲಿಗೆ ಹಾಕವ್ರೆ ಅಂದ್ರೆ ಓದಿರ್ಬೇಕು. ಓದಿದ್ಮ್ಯಾಲೂ ಬಾವಿ ಬಿಚ್ಚಲಿಲ್ವಲ್ಲಪ್ಪ?"

"ಪದ ಓದಿದಾರೆ ಸಣ್ಣೀರಮ್ಮ. ಅರ್ಥ ನಾನು ಹೇಳಲಿಲ್ಲ."

ಅವಳು ಮನೆಯ ಕಡೆ ತಿರುಗಿದಳು. ಆಚೆ ಜಗಲಿಯ ಮೇಲೆ ಚೆಲುವಿ ಕೋಲೂರಿ ಏಳುತ್ತಿದ್ದಳು, ಒಂದೇ ಸಲಕ್ಕೆ ಏಳಲಾಗದೆ.

"ಮುಂದಿನ ತಿಂಗಳು ಮತ್ತೆ ಬರ್ತಾರೆ. ನೀವು ಬನ್ನಿ, ಇನ್ನೊಂದು ಸಲ ಹೇಳಿ. ಈ ಸಲ ನಾನು ಸರಿಯಾಗಿ..."

"ನಂದು ಹೇಳಾಗೈತೆ" ಎಂದಳು. "ಅಳುನೂ ಆಗೈತೆ. ಇನ್ನು ಅರ್ಥ ಹೇಳೋ ಪಾಳಿ ನಿಂದು."

ಆ ಪಾಳಿ ತಡವಾಗಿಯಾದರೂ ಬಂತು. ಹೇಳಿದೆ, ಕೆಲಸ ಹೋಯಿತು, ಬಾವಿಯ ಚಪ್ಪಡಿಯೂ ಸರಿಯಿತು. ಚೆಲುವಿಯ ಮಂಡಿ ನೆಟ್ಟಗಾಗಲಿಲ್ಲ. ಆದರೆ ನನ್ನನ್ನು ಇಂದಿಗೂ ತಲೆ ತಗ್ಗಿಸುವಂತೆ ಮಾಡುವುದು ಅಂದು ಆ ಕಲ್ಲಿನ ಬಳಿ, ಅವಳು ಹಾಗೆಂದ ಮೇಲೆ ನಡೆದದ್ದು.

ನಮ್ಮೂರಿನಲ್ಲಿ ತಾವು ನೋಯಿಸಿದವರ ಕೈಯಲ್ಲಿ ನೀರು ಕೇಳಿ ಕುಡಿದರೆ ತಪ್ಪು ಒಪ್ಪಿಕೊಂಡಂತೆ. ಅವರು ಹೊಯ್ದರೆ ಮನ್ನಿಸಿದಂತೆ. ಕೇಳಿದವರಿಗೆ ಇಲ್ಲವೆಂದವರಿಲ್ಲ. ನಾನು ಮಂಡಿಯೂರಿ, ಅವಳ ಮುಂದೆ ಬೊಗಸೆ ಒಡ್ಡಿದೆ.

"ಒಂದು ಬೊಗಸೆ ನೀರು ಹುಯ್ಯಿ, ಸಣ್ಣೀರಮ್ಮ."

ಅವಳು ನನ್ನ ಕೈಗಳನ್ನು ನೋಡಿದಳು. ಕೊಡದ ಬಿಳಿಗಟ್ಟಿದ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಹುಯ್ಯಲ್ಲ ಕಣಪ್ಪ. ಗೊತ್ತಿದ್ದೂ ಗೊತ್ತಿದ್ದೂ ಈ ನೀರ್ನ ಇನ್ನೊಬ್ರಿಗೆ ನಾನು ಕುಡಿಸಲ್ಲ."